ನೈವೇದ್ಯದ ಸಾಂಬಾರು

ಸೌಟಿನಿಂದ ಅಂಗೈಗೆ, ಅಂಗೈಯಿಂದ ಬಾಯಿಗೆ, ‘ಸುರ್’. ಮಾಟುಂಗದ ಹಳೆಯ ಉಡುಪಿ ಹೋಟೆಲೊಂದರ ಅಡುಗೆಮನೆಯಿಂದ ಬಂದ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನಲವತ್ತು ವರ್ಷದ ವೃತ್ತಿಯಲ್ಲಿ ನನ್ನನ್ನು ಅತ್ಯಂತ ಸತಾಯಿಸಿದ ಕೇಸನ್ನು ಬಿಡಿಸಿಕೊಟ್ಟದ್ದು ಆ ಸದ್ದೇ.

ಕೋವಿಡ್ ಕಳೆದು ಹೋಟೆಲುಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನು ಆಸ್ಪತ್ರೆಯ ನೌಕರಿಯಿಂದ ರಿಟೈರ್ ಆಗಿ, ವಿಲೆ ಪಾರ್ಲೆಯ ಒಂದು ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಡಯಟಿಶಿಯನ್ ಆಗಿದ್ದೆ. ಅಲ್ಲಿಗೆ ಬಂದವರು ರಾಘವೇಂದ್ರ ಭಟ್ಟರು, ಮಾಟುಂಗದ ಆ ಹೋಟೆಲಿನ ಮುಖ್ಯ ಅಡುಗೆಯವರು. ಬಲಗಾಲಿನ ಹೆಬ್ಬೆರಳಲ್ಲಿ ಒಂದು ಗಾಯ, ಎರಡು ತಿಂಗಳಾದರೂ ಮಾಯ್ದಿರಲಿಲ್ಲ. HbA1c, ಅಂದರೆ ಹಿಂದಿನ ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, 10.8 ತೋರಿಸುತ್ತಿತ್ತು. ಏಳರ ಆಸುಪಾಸು ಇರಬೇಕಾದದ್ದು. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು, ಸೋಂಕು ಏರಿದರೆ ಅಷ್ಟಕ್ಕೇ ನಿಲ್ಲಲಿಕ್ಕೂ ಇಲ್ಲ ಎಂದು ಸರ್ಜನ್ ಹೇಳಿಯಾಗಿತ್ತು. ದಿನವಿಡೀ ಒಲೆಯ ಮುಂದೆ ನಿಂತೇ ದುಡಿಯುವ ಮನುಷ್ಯನಿಗೆ ಕಾಲು ಹೋದರೆ ಉಳಿಯುವುದೇನು?

ಊಟದ ವಿಚಾರ ಕೇಳಿದರೆ ಎಲ್ಲವೂ perfect. ಎರಡು ಫುಲ್ಕಾ, ಪಲ್ಯ, ಮಜ್ಜಿಗೆ. ಅನ್ನ ಒಂದು ಸೌಟು. ಸಿಹಿ ಇಲ್ಲವೇ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ ಸುನಂದಾ ಅದಕ್ಕೆಲ್ಲ ಸಾಕ್ಷಿ. ಇನ್ಸುಲಿನ್ನೂ ತಪ್ಪುತ್ತಿರಲಿಲ್ಲ. ಆದರೂ ಗ್ಲುಕೋಮೀಟರಿನ ಅಂಕಿ ಇಳಿಯಲೊಲ್ಲದು. ನಮ್ಮ ಡಾಕ್ಟರು, “Madam, he is cheating,” ಎಂದು ಷರಾ ಬರೆದುಬಿಟ್ಟರು. ನನಗೆ ಹಾಗನ್ನಿಸಲಿಲ್ಲ. ಕದ್ದು ತಿನ್ನುವವರ ಮುಖ ನಾನು ಬಹಳ ನೋಡಿದ್ದೇನೆ.

ಒಂದು ಬೆಳಿಗ್ಗೆ ಕಾಫಿಪುಡಿ ತರಲೆಂದು ಮಾಟುಂಗಕ್ಕೆ ಹೋದವಳು ಅವರ ಹೋಟೆಲಿಗೇ ನುಗ್ಗಿ, ಅಡುಗೆಮನೆಯ ಕಿಂಡಿಯ ಪಕ್ಕದ ಟೇಬಲ್ಲಿನಲ್ಲಿ ಕೂತೆ. ಆಗ ಕೇಳಿದ್ದು ಆ ‘ಸುರ್’. ಬಗ್ಗಿ ನೋಡಿದೆ. ಭಟ್ಟರು ಬೆಲ್ಲ ಹಾಕಿದ ಸಾಂಬಾರನ್ನು ಅಂಗೈಗೆ ಸುರಿದುಕೊಂಡು ಹೀರಿದರು, ಕೈ ತೊಳೆದರು. ಮುಂದೆ ಚಟ್ನಿ. ಆಮೇಲೆ ಶೀರಾ, ಅದೂ ಒಂದು ಒಳ್ಳೇ ತುತ್ತಿನಷ್ಟು. ನನ್ನ ಇಡ್ಲಿ ಮುಗಿಯುವುದರೊಳಗೆ ಸಾಂಬಾರಿನ ಎರಡನೇ ಹಂಡೆ ಇಳಿದು, ಮತ್ತೆ ‘ಸುರ್’. ಬೆಳಗಿನ ಜಾವದಿಂದ ಸಂಜೆಯ ತನಕ, ಪ್ರತಿ ಹಂಡೆಗೂ ಹೀಗೆ.

ಹೊರಗೆ ಬಂದ ಭಟ್ಟರನ್ನು, ಇದನ್ನೆಲ್ಲ ಊಟದ ಲೆಕ್ಕದಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

“ಅದು ತಿಂದದ್ದಲ್ಲ ಮೇಡಂ. ರುಚಿ ನೋಡಿದ್ದು.”

ಮುಂದಿನ ವಾರ ದಂಪತಿ ಕ್ಲಿನಿಕ್ಕಿಗೆ ಬಂದಾಗ, ರುಚಿ ನೋಡಿ ಉಗುಳಿಬಿಡಿ, ವಿದೇಶದಲ್ಲಿ ವೈನ್ ಪರೀಕ್ಷಿಸುವವರೂ ಹಾಗೇ ಮಾಡುತ್ತಾರೆ ಎಂದೆ. ಗರ್ಭಗುಡಿಯಲ್ಲಿ ಉಗುಳಲು ಹೇಳಿದವಳನ್ನು ನೋಡುವಂತೆ ಭಟ್ಟರು ನನ್ನನ್ನು ನೋಡಿದರು. ಬೇರೆಯವರ ಕೈಲಿ ರುಚಿ ನೋಡಿಸಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಗಿರಾಕಿ ಬರುವುದು ತನ್ನ ನಾಲಗೆಯನ್ನು ನಂಬಿ ಎಂಬುದು ಅವರ ವಾದ.

ಆಗ ನೆನಪಾದವರು ನನ್ನ ಅತ್ತೆ. Convent ನನಗೆ ಫೋರ್ಕು ಹಿಡಿಯಲು ಕಲಿಸಿತ್ತೇ ಹೊರತು ಮಡಿ ಕಲಿಸಿರಲಿಲ್ಲ. ಮದುವೆಯಾದ ಹೊಸತು, ಗೌರಿಹಬ್ಬದ ದಿನ ಕಡುಬಿನ ಹೂರಣ ಚೂರು ಬಾಯಿಗಿಡಲು ಹೋದವಳ ಕೈಗೆ ಅತ್ತೆ ಪಟ್ಟೆಂದು ಹೊಡೆದಿದ್ದರು.

“ಭಟ್ಟರೇ, ಚೌತಿಗೆ ಮನೇಲಿ ನೈವೇದ್ಯದ ಅಡುಗೆ ಯಾರು ಮಾಡ್ತಾರೆ?”

“ನಾನೇ.”

“ಉಪ್ಪು ಸರಿ ಇದೆಯಾ ಅಂತ ಬಾಯಿಗೆ ಹಾಕಿ ನೋಡ್ತೀರಾ?”

“ರಾಮ ರಾಮ. ದೇವರಿಗಿಂತ ಮೊದಲು ಎಂಜಲು ಮಾಡುದುಂಟಾ? ಪರಿಮಳ ಹೇಳ್ತದೆ, ಕುದಿ ಹೇಳ್ತದೆ.”

ಸುನಂದಾ ಮೆಲ್ಲಗೆ ಬಾಯಿ ಹಾಕಿದರು. “ಹೋಟೆಲಿನದ್ದಕ್ಕಿಂತ ಇವರ ಚೌತಿಯ ಸಾಂಬಾರೇ ಒಳ್ಳೇದಾಗುದು ಮೇಡಂ. ಹೇಳಿದ್ರೆ ಸಿಟ್ಟು ಬರ್ತದೆ.”

“ಹಾಗಾದ್ರೆ ನಾಳೆಯಿಂದ ಗಿರಾಕೀನೂ ದೇವರು ಅಂದ್ಕೊಳ್ಳಿ. ಅವರು ತಿನ್ನೋವರೆಗೂ ನೀವು ಮುಟ್ಟೋ ಹಾಗಿಲ್ಲ.”

“ಎಂತ ದೇವರು ಮಾರಾಯ್ರೆ,” ಎಂದರು ಭಟ್ಟರು, “ಎರಡೆರಡು ಸಲ ಚಟ್ನಿ ಕೇಳುವ ದೇವರು.” ಆದರೆ ಬೇಡವೆನ್ನಲಿಲ್ಲ.

ಮೊದಲ ದಿನ ನಾನೂ ಹೋಗಿ ಅದೇ ಟೇಬಲ್ಲಿನಲ್ಲಿ ಕೂತೆ. ಕುದಿಯುವ ಹಂಡೆಯ ಮುಂದೆ ಭಟ್ಟರ ಅಂಗೈ ತಾನಾಗಿ ಚಾಚಿಕೊಂಡಿತು. ಅದನ್ನು ಹಿಂದಕ್ಕೆಳೆದುಕೊಂಡು ಪಂಚೆಗೆ ಒರೆಸಿದರು, ಕಣ್ಣು ಮುಚ್ಚಿ ಹಬೆಯನ್ನು ಮೂಸಿದರು, ಚಿಟಿಕೆ ಉಪ್ಪು ಹಾಕಿದರು. ಸಾಂಬಾರು ಹೊರಗೆ ಬಂತು. ಆ ಹೋಟೆಲಿನಲ್ಲಿ ಎಲ್ಲದಕ್ಕೂ ಕೊಂಕು ತೆಗೆಯುವ ಗುಜರಾತಿ ಮುದುಕರೊಬ್ಬರಿದ್ದರು. ಒಂದು ಬಟ್ಟಲು ಮುಗಿಸಿ ಇನ್ನೊಂದು ಕೇಳಿದರು. ಆಮೇಲೆ ಕಿಂಡಿಯತ್ತ ತಿರುಗಿ, “ಭಟ್‌ಜಿ, ಆಜ್ ಸಾಂಬಾರ್ ಮೇ ಕ್ಯಾ ಡಾಲಾ?” ಎಂದರು.

ಭಟ್ಟರ ಮುಖ ಬಿಳುಚಿತು. ದಿನಾ ಹಾಕುವುದನ್ನೇ ಹಾಕಿದ್ದೇನೆ ಎಂದರು, ಹಿಂದಿಯಲ್ಲಿ, ತಡವರಿಸುತ್ತ.

“ತೋ ರೋಜ್ ಐಸಾ ಕ್ಯೋಂ ನಹೀಂ ಬನಾತೇ?”

ದಿನಾ ಹೀಗೇ ಏಕೆ ಮಾಡುವುದಿಲ್ಲವಂತೆ! ಒಳಗಿದ್ದ ಅಡುಗೆಯವರೆಲ್ಲ ನಕ್ಕರು. ಭಟ್ಟರು ನಗಲಿಲ್ಲ, ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

ಮುಂದಿನದು ಸುಲಭವಾಗಿತ್ತೆಂದಲ್ಲ. ನಾಲಗೆಯ ಚಪಲ ಬಿಟ್ಟವರನ್ನು ಕಂಡಿದ್ದೆ. ಇಲ್ಲಿ ಬಿಡಬೇಕಾದದ್ದು ಕೈಯ ಅಭ್ಯಾಸ. ಒಂದು ಭಾನುವಾರ ಶೀರಾದ ಮುಂದೆ ಸೋತರು. ನಾನು ಕೇಳುವ ಮೊದಲೇ ಫೋನ್ ಮಾಡಿ, “ಇವತ್ತು ದೇವರಿಗಿಂತ ಮೊದಲು ಪೂಜಾರಿ ಉಂಡ, ಮೇಡಂ,” ಎಂದು ಒಪ್ಪಿಸಿದರು. ಮರುದಿನದಿಂದ ಮತ್ತೆ ಗಟ್ಟಿಯಾದರು. ತಿಂಗಳೊಳಗೆ ಬೆಳಗಿನ ಸಕ್ಕರೆ ಇಳಿಯಿತು. ಗಾಯದ ಅಂಚಿನಲ್ಲಿ ಹೊಸ ಚರ್ಮ ಕಂಡಿತು. ಸರ್ಜನ್ ಕಾಯೋಣ ಎಂದರು, ಆಮೇಲೆ ಬ್ಯಾಂಡೇಜು ಸಾಕು ಎಂದರು, ಕೊನೆಗೆ ಅದೂ ಬೇಡವಾಯಿತು. ಮಳೆಗಾಲ ಮುಗಿಯುವಾಗ HbA1c 7.1. ಆ ಕಾಗದ ಕೈಗೆ ಬಂದಾಗ ನಾನು ಕ್ಲಿನಿಕ್ಕಿನಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. At my age!

ಅಲ್ಲಿಯವರೆಗೆ ನಾನು ಜನರಿಗೆ ಏನನ್ನು ಬಿಡಬೇಕೆಂದು ಹೇಳುತ್ತಿದ್ದೆ. ಭಟ್ಟರ ಕೇಸಿನ ನಂತರ, ಬಂದವರು ತಮ್ಮಷ್ಟಕ್ಕೆ ಯಾವ ಕಟ್ಟು ಪಾಲಿಸುತ್ತಾರೆ ಎಂದು ಮೊದಲು ಕೇಳತೊಡಗಿದೆ. ಸೋಮವಾರದ ಉಪವಾಸ, ರಂಜಾನಿನ ರೋಜಾ, ಜೈನರ ಪರ್ಯೂಷಣ, ಯಾವುದಾದರೊಂದು ಇದ್ದೇ ಇರುತ್ತದೆ. ಬಾಯಿ ಕಟ್ಟುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಅದನ್ನು ಗುರುತಿಸಿ ತೋರಿಸಿದರೆ ನನ್ನ ಅರ್ಧ ಕೆಲಸ ಮುಗಿಯಿತು.

ಭಟ್ಟರನ್ನು ಕೊನೆಯ ಸಲ ಕಂಡದ್ದು ಮಾಟುಂಗ ಸ್ಟೇಷನ್ನಿನ ಬ್ರಿಡ್ಜಿನ ಬಳಿ, ಕಳೆದ ಚಳಿಗಾಲದಲ್ಲಿ. ಈಗ ನನ್ನ ಮಂಡಿಗಳು ಮಾತು ಕೇಳುವುದಿಲ್ಲ. ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಿದ್ದವಳ ಕೈಯಿಂದ ತರಕಾರಿ ಚೀಲ ತೆಗೆದುಕೊಂಡು, ಚಪ್ಪಲಿ ಪಟಪಟಿಸುತ್ತ ಅವರು ಮುಂದೆ ಹತ್ತಿಹೋದರು. ತುದಿಯಲ್ಲಿ ನಿಂತು ತಿರುಗಿ ನೋಡಿದರು.

“ಅವಸರ ಎಂತದು ಮೇಡಂ, ನಿಧಾನ ಬನ್ನಿ. ನಾನು ನಿಂತಿರ್ತೇನೆ.”