ಮೇಲಿನ ಮನೆಗೆ ಒಯ್ದ ಬುತ್ತಿ

ಮೊನ್ನೆ ಬೆಳಿಗ್ಗೆ ಬೇಳೆ ಬೆಂದು, ಇನ್ನೇನು ಒಗ್ಗರಣೆಗೆ ಎಣ್ಣೆ ಇಡಬೇಕು ಅನ್ನುವಾಗ ಸಿಲಿಂಡರ್ ಮುಗಿಯಿತು. ಸಾಸಿವೆ ಸಿಡಿಯದ, ಇಂಗು ಬೀಳದ ಬರೀ ಬೇಳೆಯ ವಾಸನೆ ಅಡುಗೆಮನೆಯಲ್ಲಿ ನಿಂತುಬಿಟ್ಟಿತು. ಸಾವಾದ ಮನೆಯ ಊಟದ ವಾಸನೆ ಅದು... ಸೌಟು ಹಿಡಿದು ನಿಂತಲ್ಲೇ ಎದುರುಮನೆಯ ಕಾಕು ನೆನಪಾದರು.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಅವರು ಎಲ್ಲರಿಗೂ ಕಾಕುವೇ, ಅಂದರೆ ಚಿಕ್ಕಮ್ಮ. ಕೆಳಗೆ ಮಗ, ಸೊಸೆಯ ಜೊತೆ ಇರುತ್ತಿದ್ದರು. ಮೇಲಿನ ಎರಡು ಕೋಣೆ ಬಾಡಿಗೆಗೆ. ಸಂಜೆಯಾದರೆ ಗಲ್ಲಿಯ ಹೆಂಗಸರೆಲ್ಲ ಅವರ ಮೆಟ್ಟಿಲ ಮೇಲೆ ಸೇರುತ್ತಿದ್ದೆವು. ಮೆಂತ್ಯದ ಸೊಪ್ಪು ಬಿಡಿಸುತ್ತಾ, ಸುಲ್ತಾನ್ ಬಜಾರಿನಲ್ಲಿ ಯಾವ ಅಂಗಡಿಯವನು ಮೋಸಗಾರ ಎಂದು ಕಾಕು ಹೇಳುತ್ತಿದ್ದರೆ ಕತ್ತಲಾದದ್ದೇ ತಿಳಿಯುತ್ತಿರಲಿಲ್ಲ.

ಮೇಲೆ ಮೈಸೂರು ಕಡೆಯ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಎತ್ತರ, ಇನ್ನೊಬ್ಬಳಿಗೆ ಕನ್ನಡಕ. ಇಬ್ಬರೂ ಕಂಪ್ಯೂಟರ್ ಕೆಲಸದವರು. ಬರೀ ಗೆಳತಿಯರಲ್ಲ, ಗಂಡ ಹೆಂಡತಿಯ ಹಾಗೆ ಜೊತೆಗಿರುವವರು ಎಂದು ಅವರೇ ಕಾಕುವಿಗೆ ಹೇಳಿದ್ದರಂತೆ. ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಇಂಥದ್ದನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ನಾನು ಕೇಳಿದಾಗ ಕಾಕು ಸೊಪ್ಪಿನಿಂದ ತಲೆ ಎತ್ತದೆ ಹೇಳಿದರು: "ಒಬ್ಬಾಕಿಗೆ ಒಬ್ಬಾಕಿ ಅದಾಳ. ಅದರಾಗ ನಮಗೇನು ತ್ರಾಸ, ತಂಗಿ?"

ಒಂದು ಮಳೆಗಾಲದ ಕೊನೆಗೆ ಎತ್ತರದ ಹುಡುಗಿಗೆ ಡೆಂಗ್ಯೂ ಬಂತು. ವಾರ ತುಂಬುವುದರೊಳಗೆ ಆಸ್ಪತ್ರೆಯಲ್ಲೇ ತೀರಿಕೊಂಡಳು. ಊರಿನಿಂದ ಅವಳ ಅಣ್ಣ ಬಂದ. ಅವಳ ದೇಹವನ್ನು ಊರಿಗೆ ಒಯ್ಯುತ್ತಿದ್ದ ಆಂಬುಲೆನ್ಸ್, ಅವಳ ಸಾಮಾನು ತೆಗೆದುಕೊಳ್ಳಲು ಗಲ್ಲಿಯ ಬಾಯಲ್ಲಿ ನಿಂತಿತ್ತು. ಕನ್ನಡಕದ ಹುಡುಗಿ ಅದರ ಬಾಗಿಲು ಹಿಡಿದು ನಿಂತಿದ್ದಳು.

"ನಾನೂ ಬರ್ತೀನಿ ಅಣ್ಣ. ಹಿಂದೆ ಅವಳ ಹತ್ರ ಕೂತ್ಕೋತೀನಿ."

"ನೀವು ಯಾರು ಅಂತ ಊರಲ್ಲಿ ಹೇಳ್ಲಿ? ಫ್ರೆಂಡ್ಸೆಲ್ಲ ಬರೋ ಟೈಮಲ್ಲ ಇದು."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಗಿಲು ಹಾಕಿದ. ಹುಡುಗಿ ಅಳಲಿಲ್ಲ. ಮೇಲೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎತ್ತರದವಳ ಒಂದು ಜೋಡಿ ಚಪ್ಪಲಿ ಹೊಸ್ತಿಲ ಹೊರಗೇ ಉಳಿದಿತ್ತು...

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೇ ಒಗ್ಗರಣೆಯಿಲ್ಲದ ಅಡುಗೆ ಮಾಡಿ ಬುತ್ತಿ ಒಯ್ಯುತ್ತಾರೆ. ಅದು ಹೋಗುವುದು ತಮ್ಮವರನ್ನು ಕಳೆದುಕೊಂಡವರ ಮನೆಗೆ ಮಾತ್ರ. ಗೆಳತಿ ಸತ್ತಳೆಂದು ಯಾರೂ ಯಾರಿಗೂ ಬುತ್ತಿ ಒಯ್ಯುವುದಿಲ್ಲ.

ಮರುದಿನ ಮಧ್ಯಾಹ್ನ ಕಾಕು ಅನ್ನ, ಬೇಳೆಯ ಡಬ್ಬಿ ಹಿಡಿದು ಹೊರಗಿನ ಮೆಟ್ಟಿಲು ಹತ್ತತೊಡಗಿದರು. ಮೊಣಕಾಲು ನೋವು, ಪ್ರತಿ ಮೆಟ್ಟಿಲಿಗೂ ನಿಲ್ಲಬೇಕು. ಇಡೀ ಗಲ್ಲಿ ನೋಡಿತು. ನಲ್ಲಿಯ ಹತ್ತಿರ ನಿಂತಿದ್ದ ಪಕ್ಕದ ಮನೆಯಾಕೆ ಕೂಗಿ ಕೇಳಿದಳು, "ಯಾರು ಸತ್ತಾರಂತ ಬುತ್ತಿರಿ ಕಾಕು? ಆಕಿ ಗಂಡನೇನು?"

"ಆಕಿ ಮನಿ ಮಂದಿ ಸತ್ತಾರ. ನಿಮ್ಮ ಮನ್ಯಾಗ ಸತ್ರೂ ತರ್ತೀನಿ, ಕಾಳಜಿ ಮಾಡಬ್ಯಾಡ್ರಿ."

ನಾನು ನೀರಿನ ತಂಬಿಗೆ ಹಿಡಿದು ಕಾಕುವಿನ ಹಿಂದೆ ಹತ್ತಿದೆ. ಹುಡುಗಿ ಗೋಡೆಗೊರಗಿ ಕೂತಿದ್ದಳು. ಕಾಕು ಬಡಿಸಿದ ಬೇಳೆಯನ್ನು ಬೆರಳಿಂದ ಮುಟ್ಟಿ, "ಒಗ್ಗರಣೆ ಹಾಕಿಲ್ವಾ ಕಾಕು?" ಎಂದಳು.

"ಹಾಕಬಾರದು, ಮಗಳೆ. ನಿಮ್ಮ ಮನ್ಯಾಗ ಸಾವಾಗೇತಿ."

ಆಗ ಅತ್ತಳು. ಕನ್ನಡಕ ತೆಗೆಯುವುದನ್ನೂ ಮರೆತು ಅತ್ತಳು.

ಅಲ್ಲಿಂದ ಮೆಟ್ಟಿಲ ಮೇಲಿನ ಸಂಜೆಗಳು ನಿಂತುಹೋದವು. ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕಾಕುವಿನ ಮಗ ಹಟ ಹಿಡಿದು ಆ ಹುಡುಗಿಯಿಂದ ಮನೆ ಖಾಲಿ ಮಾಡಿಸಿದ. ನಾನು ಹೋದಾಗಲೂ ಕಾಕು ಬೀದಿಯ ಕಡೆಗೇ ನೋಡುತ್ತಾ ಸೊಪ್ಪು ಬಿಡಿಸುತ್ತಿದ್ದರು, ಇನ್ನೂ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ...

ಹೋದ ವರ್ಷ ಕಾಕು ತೀರಿಹೋದರು. ನಾನು ಅನ್ನ, ಬೇಳೆ ಒಯ್ದೆ. ಕನ್ನಡಕದ ಹುಡುಗಿಯೂ ಎಲ್ಲಿಂದಲೋ ಸುದ್ದಿ ತಿಳಿದು ಡಬ್ಬಿ ಹಿಡಿದು ಬಂದಳು. ತಲೆಯಲ್ಲಿ ಒಂದೆರಡು ಬಿಳಿಗೂದಲು. ಮಗ ಬಾಗಿಲಲ್ಲೇ ನಿಂತಿದ್ದ. "ನಿಮ್ಮದು ಕೊಡ್ರಿ ವೈನಿ," ಎಂದು ನನ್ನ ಪಾತ್ರೆ ತೆಗೆದುಕೊಂಡ. ಅವಳ ಡಬ್ಬಿ ನೋಡಿ, "ಅದು ಬ್ಯಾಡ." ಅವಳು ಅದನ್ನು ಗೇಟಿನ ಪಕ್ಕ ಇಟ್ಟು ಹೋದಳು. ಸಂಜೆ ನಾನು ತೆಗೆಯುವಾಗ ಸುತ್ತ ಇರುವೆಗಳು ಮುತ್ತಿದ್ದವು.

ಈ ಚಳಿಗಾಲದಲ್ಲಿ ಅವಳಿರುವ ಸಂಘದ ವಾರ್ಷಿಕೋತ್ಸವ ಅಬಿಡ್ಸ್‌ನ ಒಂದು ಹಾಲಿನಲ್ಲಿ ನಡೆಯಿತು. ಅವಳ ಹಾಗೆಯೇ ಹೆಣ್ಣನ್ನು ಮೆಚ್ಚಿದ ಹೆಣ್ಣುಮಕ್ಕಳು, ಗಂಡನ್ನು ಮೆಚ್ಚಿದ ಹುಡುಗರು ಕಟ್ಟಿಕೊಂಡ ಸಂಘ. ಕಷ್ಟದಲ್ಲಿ ಜೊತೆ ನಿಂತ ಊರಿನವರಿಗೆ ಸನ್ಮಾನವಿತ್ತು: ಒಬ್ಬ ವಕೀಲರು, ಒಬ್ಬ ಡಾಕ್ಟರು, ನಮ್ಮ ಕಾಕು. ಮಗ ಬರಲಿಲ್ಲ, ಫೋಟೋ ಕೂಡ ಕೊಡಲಿಲ್ಲ. ಅದಕ್ಕೇ ಕಾಕುವಿನ ಪರವಾಗಿ ನನ್ನನ್ನು ಕರೆದರು. ಕಾಕುವಿನದೆಂದು ಇಟ್ಟ ಖಾಲಿ ಕುರ್ಚಿಯ ಮೇಲೆ ಶಾಲು ಮಡಚಿಟ್ಟಿದ್ದರು. ಅಂಚಿನಲ್ಲಿ ಒಂದು ಹಸಿರು ದಾರ ಎದ್ದಿತ್ತು.

ಹುಡುಗಿ ಮೈಕ್ ಹಿಡಿದಳು. "ನಾನು ಅವಳಿಗೆ ಏನಾಗಬೇಕು ಅಂತ ಆಸ್ಪತ್ರೇಲಿ ಕೇಳಿದ್ರು, ಅವಳ ಮನೆಯವರು ಕೇಳಿದ್ರು. ಕಾಕು ಕೇಳ್ಲಿಲ್ಲ. ಊಟ ತಂದ್ರು..." ಅಷ್ಟಕ್ಕೇ ಮೈಕ್ ಕೆಳಗಿಟ್ಟಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಣ್ಣದ ಕಾಗದದ ಚೂರುಗಳು ಹಾರಿದವು. ಹಿಂದಿನಿಂದ ಬಿರಿಯಾನಿಯ ಘಮ. ಅಷ್ಟು ಮಂದಿಯಲ್ಲಿ ಒಬ್ಬರನ್ನಾದರೂ ಕರೆದು ಕಾಕು ಒಬ್ಬರೇ ಕಾದು ಕೂತಿದ್ದ ಆ ಮೆಟ್ಟಿಲ ಮೇಲೆ ಕೂರಿಸುವಂತಿದ್ದರೆ ಅಂದುಕೊಂಡೆ.

ಮರುದಿನ ಶಾಲು ಹಿಡಿದು ಎದುರುಮನೆಗೆ ಹೋದೆ. "ನೀವ ಇಟ್ಕೊಳ್ರಿ ವೈನಿ, ಇದು ನಮ್ಮ ಮನ್ಯಾಗ ಬ್ಯಾಡ," ಎಂದ ಮಗ. ಅದೀಗ ನನ್ನ ಅಲ್ಮಾರಿಯಲ್ಲಿ, ನುಸಿಗುಳಿಗೆಗಳ ನಡುವೆ ಇದೆ.

ಮೊನ್ನೆ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮೇಲಿನ ಮನೆಯ ಕಟಾಂಜನದ ಕಂಬಿಗೆ ಹೊಸ ಬೋರ್ಡು ಕಟ್ಟಿತ್ತು. ಬಾಡಿಗೆಗೆ ಇದೆ, ಫ್ಯಾಮಿಲಿಯವರಿಗೆ ಮಾತ್ರ.

ಮಧ್ಯಾಹ್ನ ಸಿಲಿಂಡರ್ ಬಂತು. ಹುಡುಗ ಜೋಡಿಸಿಕೊಟ್ಟು ಹೋದ. ಬೇಳೆ ಹಾಗೇ ಇತ್ತು. ನಾನು ಅವತ್ತು ಮತ್ತೆ ಒಲೆ ಹಚ್ಚಲಿಲ್ಲ.