ಬಾಗಲಗುಂಟೆಯ ಹೊರಬೀಡು

ಆ ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯ ಡಬ್ಬಿಗಳು ಅಲುಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಗೌರಿ, ಬಸು, ಊರಲ್ಲಿ ಕೂತ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮೂರ ಮನೆಯಲ್ಲಿ ಡಬ್ಬಿ ಅಲುಗಾಡಿದರೆ ಬೆಕ್ಕು ಬಂತೆಂದು ಕೋಲು ಹಿಡಿದು ಓಡುತ್ತೇವೆ. ಇಲ್ಲಿ ಬಾಗಲಗುಂಟೆಯಲ್ಲಿ, ನಿಮ್ಮ ಶೋಭತ್ತೆಯ ಮನೆಯಲ್ಲಿ, ಅವು ಬೆಳಗಿನಿಂದ ಸಂಜೆಯವರೆಗೆ ತಾಳ ಹಾಕುತ್ತಲೇ ಇರುತ್ತವೆ. ಹಿಂದಿನ ಗೋಡೆಯಾಚೆ ತಗಡಿನ ಮಾಡಿನ ಸಣ್ಣ ಸಣ್ಣ ಕಾರ್ಖಾನೆಗಳ ಸಾಲಿದೆ. ಇಲ್ಲಿಯವರು ಅದಕ್ಕೆ ಶೆಡ್ಡು ಎನ್ನುತ್ತಾರೆ. ಒಂದು ಶೆಡ್ಡಿನಲ್ಲಿ ತಗಡನ್ನು ಗುದ್ದಿ ಬಿಲ್ಲೆ ಮಾಡುವ ಯಂತ್ರವಿದೆ. ಒಂದೊಂದು ಗುದ್ದಿಗೂ ನೆಲ ನಡುಗಿ, ಸಾಸಿವೆ ಡಬ್ಬಿ ಜೀರಿಗೆ ಡಬ್ಬಿಗೆ ತಾಗಿ ಕಿಣಿ ಕಿಣಿ ಎನ್ನುತ್ತದೆ. ಬಂದ ಹೊಸತರಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಆಮೇಲೆ ಅದು ಮನೆಯೊಳಗೆ ಇನ್ನೊಬ್ಬರು ಓಡಾಡಿಕೊಂಡಿದ್ದಾರೆ ಎನ್ನುವಷ್ಟು ಅಭ್ಯಾಸವಾಯಿತು. ನಿಮ್ಮ ಅಜ್ಜ ತೀರಿಹೋದ ಮೇಲೆ ನನಗೆ ಅಂಥ ಸದ್ದು ಬೇಕಾಗಿಯೂ ಇತ್ತು.

ಶೋಭಾಳ ಬಾಣಂತನಕ್ಕೆಂದು ಬಂದವಳು ನಾನು. ಮಗು ತೊಟ್ಟಿಲಿನಿಂದ ಇಳಿಯಿತು, ಅಂಬೆಗಾಲಿಟ್ಟಿತು, ಶೋಭಾ ಮತ್ತೆ ಕೆಲಸಕ್ಕೆ ಹೊರಟಳು, ನಾನು ಇಲ್ಲೇ ಉಳಿದೆ. ಫೋನಿನಲ್ಲಿ ನೀವು "ಅಲ್ಲಿ ಹೆಂಗೈತಿ ಅಜ್ಜಿ?" ಎಂದು ಕೇಳಿದಾಗಲೆಲ್ಲ "ಚಲೋ ಐತಿ" ಎಂದಷ್ಟೇ ಹೇಳಿದ್ದೇನೆ. ಮಾತಾಡುವುದಕ್ಕೆ ನನಗೆ ಮೊದಲಿನಿಂದಲೂ ಸಂಕೋಚ. ಬರೆಯುವುದಾದರೆ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಆ ದಿನಗಳಲ್ಲಿ ಕೊರೊನಾ ಕಾಯಿಲೆ ಮತ್ತೆ ಎದ್ದು, ಶನಿವಾರ ಭಾನುವಾರ ಯಾರೂ ಹೊರಗೆ ಬರಬಾರದೆಂದು ಸರ್ಕಾರ ಕಟ್ಟು ಮಾಡಿತ್ತು. ಸಂಕ್ರಾಂತಿಯೂ ಅದೇ ಹೊತ್ತಿಗೆ ಬಂದಿದ್ದರಿಂದ ಹಿಂದಿನ ಶೆಡ್ಡುಗಳವರೆಲ್ಲ ಬಾಗಿಲು ಹಾಕಿದ್ದರು. ಊಟ ಮುಗಿದು ಮಗು ಮಲಗಿತ್ತು. ಸುಮ್ಮನಿರುವ ಡಬ್ಬಿಗಳನ್ನು ನೋಡುತ್ತಾ ನಿಂತಿದ್ದ ನನ್ನನ್ನು ಕಂಡು ಶೋಭಾ, "ಅವ್ವಾ, ಒಳಗೇ ಕುಂತರೆ ಮಂಡಿ ಹಿಡಕೊಂತಾವೆ. ಹಿಂದಿನ ಬೀದಿ ಒಂದು ಸುತ್ತು ಹಾಕಿ ಬಾ. ಪೊಲೀಸರು ಕೇಳಿದರೆ ಔಷಧಿ ಅಂಗಡಿ ಅನ್ನು" ಎಂದಳು.

"ಸುಳ್ಳು ಹೇಳಬೇಕೇನೇ?"

"ಹಂಗಾರೆ ಏನೂ ಅನ್ನಬ್ಯಾಡ. ನೀನು ಹೆಂಗೂ ಮಾತಾಡಂಗಿಲ್ಲ!"

ಮಾಸ್ಕು ಹಾಕಿಕೊಂಡು, ಫೋನನ್ನು ಸೊಂಟಕ್ಕೆ ಸಿಗಿಸಿಕೊಂಡು ಇಳಿದೆ. ಕೆಳಗೆ ಮನೆ ಮಾಲೀಕ ಕೃಷ್ಣಪ್ಪನವರ ತಾಯಿ ನಂಜಮ್ಮಜ್ಜಿ ದಿನವೂ ಗೇಟಿನ ಪಕ್ಕ ಬಿಸಿಲು ಕಾಯುತ್ತಾ ಕೂತಿರುತ್ತಾಳೆ. ಇವರು ಈ ನೆಲದ ಹಳೆಯ ಒಕ್ಕಲು. ಹೊಲ ಮಾರಿ ಮೂರಂತಸ್ತಿನ ಮನೆ ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಜ್ಜಿಗೆ ಎಂಬತ್ತು ದಾಟಿದೆ, ನೆನಪು ಹಾಳಾಗಿದೆ. ಅಂದು ಅವಳ ಕುರ್ಚಿ ಖಾಲಿ ಇತ್ತು. ಒಳಗೆ ಮಲಗಿರಬಹುದು ಎಂದುಕೊಂಡು ಗೇಟು ದಾಟಿದೆ.

ಬೀದಿಯಲ್ಲಿ ಒಂದು ಜೀವ ಇರಲಿಲ್ಲ. ಚಳಿಗಾಲದ ಬಿಸಿಲು ತೆಳ್ಳಗೆ ಬಿದ್ದಿತ್ತು. ಬಾಗಿಲ ಮುಂದೆ ಹಬ್ಬದ ರಂಗೋಲಿ ಯಾರೂ ತುಳಿಯದೆ ಹಾಗೇ ಇತ್ತು. ಕಬ್ಬಿನ ಸಿಪ್ಪೆ ಮೂಲೆಯಲ್ಲಿ ಒಣಗುತ್ತಿತ್ತು. ಬೇರೆ ದಿನ ಈ ಬೀದಿಯಲ್ಲಿ ಗೋಡೆ ಹಿಡಿದುಕೊಂಡು ನಡೆಯಬೇಕು. ಗಾರೆಯವರು, ಗಾಡಿಯವರು, ಒಡಿಯಾ ಮಾತಾಡುವ ಹುಡುಗರು, ಮೈಗೆ ತಾಗುವ ಹಾಗೆ ಹೋಗುವ ಬೈಕುಗಳು. ಈಗ ನಾಯಿಗಳು ರಸ್ತೆಯ ನಟ್ಟನಡುವೆ ಮಲಗಿದ್ದವು. ನನ್ನನ್ನು ಕಂಡು ತಲೆ ಎತ್ತಿದವು, ಬೊಗಳಲಿಲ್ಲ. ಎಲ್ಲೋ ಒಂದು ಮನೆಯೊಳಗೆ ಕುಕ್ಕರ್ ಕೂಗಿತು. ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿತು. ಎಲ್ಲರೂ ಇದ್ದರು, ಯಾರೂ ಇರಲಿಲ್ಲ.

ಶೆಡ್ಡುಗಳ ಸಾಲಿಗೆ ತಿರುಗಿದೆ. ನನ್ನ ಚಪ್ಪಲಿಯ ಸದ್ದು ಮುಚ್ಚಿದ ಶಟರುಗಳಿಗೆ ಬಡಿದು ವಾಪಸು ಬರುತ್ತಿತ್ತು. ಬೆನ್ನ ಹಿಂದೆ ಇನ್ನೊಬ್ಬರು ನಡೆದು ಬಂದಂತೆ. ನಿಂತರೆ ಅದೂ ನಿಲ್ಲುತ್ತಿತ್ತು. ಅಷ್ಟರಲ್ಲಿ ಒಂದು ಶೆಡ್ಡಿನೊಳಗಿಂದ ಸೈರನ್ ಕೂಗಿತು. ದಿನವೂ ಆ ಹೊತ್ತಿಗೆ ಪಾಳಿ ಬದಲಾಗುತ್ತದೆ, ಸೈರನ್ನಿಗೆ ರಜೆಯೆಂದು ಯಾರೂ ಹೇಳಿರಲಿಲ್ಲ. ಅದು ಉದ್ದಕ್ಕೆ ಕೂಗಿ ನಿಂತಿತು. ಬೀಗ ಹಾಕಿದ ಬಾಗಿಲನ್ನೇ ನೋಡುತ್ತಾ ನಿಂತೆ. ಒಳಗಿಂದ ಯಾರೋ ಸಾಲುಸಾಲಾಗಿ ಈಚೆ ಬಂದು ನನ್ನ ಪಕ್ಕದಲ್ಲೇ ಹಾದುಹೋದರು ಅನ್ನಿಸಿತು. ಯಾರೂ ಬಂದಿರಲಿಲ್ಲ.

ಆಗ ನನಗೆ ನಮ್ಮೂರ ಹೊರಬೀಡು ನೆನಪಾಯಿತು. ಬಸು, ನೀನು ಅದನ್ನು ನೋಡಿಲ್ಲ. ಗೌರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದೆವು. ಊರಿಗೆ ರೋಗ ರುಜಿನ ಬಂದಾಗ ತಮಟೆ ಬಡಿದು ಸಾರುತ್ತಾರೆ. ಆ ದಿನ ಸೂರ್ಯ ಏಳುವ ಮೊದಲು ಒಲೆ ಆರಿಸಿ, ಬೀಗ ಹಾಕಿ, ದನಕರು ನಾಯಿ ಕೋಳಿ ಸಮೇತ ಊರೇ ಎದ್ದು ಹೊಲಕ್ಕೆ ಹೋಗಬೇಕು. ಬೀದಿಯ ಬಾಯಿಗೆ ಮುಳ್ಳು ಎಳೆಯುತ್ತಾರೆ. ಅಡುಗೆ, ಊಟ, ಆಟ ಎಲ್ಲವೂ ಮರದ ಕೆಳಗೆ. ಹೊತ್ತು ಮುಳುಗುವವರೆಗೆ ಊರೊಳಗೆ ಯಾರೂ ಕಾಲಿಡುವಂತಿಲ್ಲ. ಯಾಕೆಂದರೆ ಆಗ ಊರದೇವತೆ ಅಮ್ಮ ಒಬ್ಬಳೇ ಮನೆಯಿಂದ ಮನೆಗೆ ನಡೆದು, ರೋಗವನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಹಿಂದೆ ಉಳಿದವರ ಕಣ್ಣಿಗೆ ಅವಳು ಬೀಳುತ್ತಾಳೆ, ಬಿದ್ದರೆ ಅವರು ಉಳಿಯುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು.

ಅಲ್ಲಿ ರೋಗ ಬಂದರೆ ಜನ ಹೊರಗೆ, ಮನೆ ಖಾಲಿ. ಇಲ್ಲಿ ಜನ ಒಳಗೆ, ಬೀದಿ ಖಾಲಿ. ಹಾಗಾದರೆ ಅಮ್ಮ ನಡೆಯುವ ದಾರಿಯಲ್ಲಿ ನಾನು ನಡೆಯುತ್ತಿದ್ದೇನೆ! ಹಗಲು ಹೊತ್ತು, ಆದರೂ ಮುಂದಿನ ತಿರುವಿನಲ್ಲಿ ಯಾರಾದರೂ ಎದುರಾದರೆ ಏನು ಮಾಡಲಿ ಎಂದು ಹೆದರುತ್ತಲೇ ಹೆಜ್ಜೆ ಹಾಕಿದೆ.

ತಿರುವಿನಲ್ಲಿ ಹೊಗೆ ಕಾಣಿಸಿತು.

ಕೊನೆಯ ಶೆಡ್ಡಿನ ಗೇಟಿನ ಮುಂದೆ, ಬಿಳಿಯ ತಲೆಯ ಒಬ್ಬ ಹೆಂಗಸು ನನಗೆ ಬೆನ್ನು ಹಾಕಿ ಕೂತಿದ್ದಳು. ಮೂರು ಇಟ್ಟಿಗೆ ಚೂರುಗಳ ಒಲೆ, ಒಡೆದ ಪೆಟ್ಟಿಗೆಯ ಹಲಗೆಗಳ ಬೆಂಕಿ, ಮೇಲೊಂದು ಅಲ್ಯೂಮಿನಿಯಂ ಪಾತ್ರೆ. ನಾನು ಪಕ್ಕದ ಗೋಡೆಗೆ ಒತ್ತಿ ನಿಂತೆ. ಅವಳು ತಿರುಗಿದಾಗ ನೋಡಿದರೆ, ನಂಜಮ್ಮಜ್ಜಿ! ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಬಂದ್ಯಾ? ಕುತ್ಕೋ. ಇನ್ನೂ ಯಾರೂ ಬಂದಿಲ್ಲ ಕಣವ್ವ" ಎಂದಳು.

"ಯಾರು ಬರಬೇಕಜ್ಜಿ?"

"ಊರೋರು! ಸಾರಿದ್ದು ಕೇಳ್ಲಿಲ್ವಾ? ಒತ್ತಾರೆಯಿಂದ ಬಡ್ಕೋತಾ ಅವ್ನೆ. ಊರು ಬಿಡ್ಬೇಕು ಇವತ್ತು."

ಅಜ್ಜಿ ಪೊಲೀಸ್ ಜೀಪಿನ ಮೈಕು ಕೇಳಿದ್ದಳು. ಮನೆಯೊಳಗೇ ಇರಿ ಎಂದು ಅದು ಕೂಗಿದ್ದು. ರೋಗದ ಕಾಲದಲ್ಲಿ ಬೀದಿಯಲ್ಲಿ ಸಾರುತ್ತಾರೆಂದರೆ ಅವಳಿಗೆ ಒಂದೇ ಅರ್ಥ. ಪಾತ್ರೆ ಹಿಡಿದು ಹೊರಟುಬಂದಿದ್ದಾಳೆ. ಅವಳ ಕಾಲಕ್ಕೆ ಇದೇ ಜಾಗದಲ್ಲಿ ಊರು ಬೀಡು ಬಿಡುತ್ತಿತ್ತೇನೋ.

ನಾನು ಶೋಭಾಳಿಗೆ ಫೋನ್ ಮಾಡಿದೆ. ಕೆಳಗಿನ ಮನೆಯಲ್ಲಿ ಆಗಲೇ ಅಜ್ಜಿಯನ್ನು ಹುಡುಕುತ್ತಿದ್ದರಂತೆ. ಕೃಷ್ಣಪ್ಪನವರು ಸ್ಕೂಟರಿನಲ್ಲಿ ಬಂದರು. "ಅವ್ವಾ, ಏಳು, ಮನೆಗೆ ಓಗಣ. ಪೊಲೀಸ್ನೋರು ಬಂದ್ರೆ ನನ್ ಬೆನ್ನು ಮುರೀತಾರೆ" ಎಂದು ರಟ್ಟೆ ಹಿಡಿದರು.

"ಯಾರಪ್ಪಾ ನೀನು? ಕೈ ಬುಡು!"

"ನಾನೇ ಕಣವ್ವ, ಕಿಟ್ಟ. ನಿನ್ ಮಗ."

"ನನ್ ಮಗ ಇಷ್ಟುದ್ದ ಅವ್ನೆ" ಎಂದು ಅಜ್ಜಿ ಮೊಣಕಾಲ ಮಟ್ಟಕ್ಕೆ ಕೈ ತೋರಿಸಿದಳು. "ಒತ್ತು ಮುಳುಗೋಗಂಟ ಊರೊಳಕ್ಕೆ ಓಗ್ಬಾರ್ದು. ಅಮ್ಮ ನೋಡ್ಬುಡ್ತಾಳೆ."

ಅವರು ಎತ್ತಲು ಹೋದರು. ಅಜ್ಜಿ ಎರಡೂ ಕೈಯಿಂದ ಗೇಟಿನ ಸರಳು ಹಿಡಿದು ಕಿರುಚಿದಳು. ಆ ಖಾಲಿ ರಸ್ತೆಯಲ್ಲಿ ಆ ಕಿರುಚಾಟ ಶೆಡ್ಡಿನಿಂದ ಶೆಡ್ಡಿಗೆ ತಾಗುತ್ತಾ ಹೋಯಿತು. ಸರಳು ಹಿಡಿದ ಬೆರಳುಗಳಲ್ಲಿ ರಕ್ತ ಜಿನುಗಿತ್ತು. ಕೃಷ್ಣಪ್ಪನವರು ಹಿಡಿದ ಕೈ ಬಿಟ್ಟರು, ಅಳುವ ಹಾಗಿದ್ದರು.

ನಾನು ಅವರೊಂದಿಗೆ ಆವರೆಗೆ ಮಾತೇ ಆಡಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಗೋಡೆಗೆ ತಿರುಗುತ್ತಿದ್ದೆ. ಆದರೆ ಅಜ್ಜಿಯ ಭಯ ಎಂಥದ್ದೆಂದು ನನಗೆ ಗೊತ್ತಿತ್ತು, ಈಗಷ್ಟೇ ನಾನೂ ಅದನ್ನು ಉಂಡಿದ್ದೆ. "ಎಳೀಬ್ಯಾಡ್ರಿ" ಎಂದೆ. "ಹೊತ್ತು ಮುಳುಗಲಿ, ತಾನೇ ಬರ್ತಾಳೆ. ನಾನು ಕುಂದರ್ತೀನಿ. ಒಂದು ಶಾಲು ತಂದುಕೊಡ್ರಿ, ಥಂಡಿ ಐತಿ."

ಅವರು ನನ್ನನ್ನು ಬೆಪ್ಪಾಗಿ ನೋಡಿದರು. "ಅಮ್ಮಾವ್ರೇ, ನೀವು ಮಾತಾಡ್ತೀರಾ?" ಎಂದರು. ಆಮೇಲೆ ಶಾಲು ತಂದುಕೊಟ್ಟು, ದೂರದಲ್ಲಿ ಸ್ಕೂಟರಿನ ಮೇಲೆ ಕಾಯುತ್ತಾ ಕೂತರು.

ಅಜ್ಜಿ ಅವರೆಕಾಳು ಬೇಯಿಸಿದಳು. ಎದುರಿನ ಶೆಡ್ಡು ತೋರಿಸಿ, "ಅದು ನಮ್ ರಾಗಿ ಒಲ. ನೋಡು, ತೆನೆ ಎಂಗೆ ಬಗ್ಗೈತೆ" ಎಂದಳು. ನಾನು ನೋಡಿದೆ. ಬೀಗ, ಶಟರು, ಅದರ ಮೇಲೆ ಜಾರುತ್ತಿರುವ ಬಿಸಿಲು. ಅವಳು ಕಾಣುತ್ತಿದ್ದ ಹೊಲ ನನಗೆ ಕಾಣಲಿಲ್ಲ. ನನಗೆ ಕಂಡದ್ದು ನಮ್ಮೂರ ಮೆಕ್ಕೆಜೋಳ, ನಿಮ್ಮ ಅಜ್ಜ ಹುಣಸೆಮರದ ಕೆಳಗೆ ಹಾಸಿದ ಕಂಬಳಿ. ಇಬ್ಬರೂ ಒಂದೇ ಗೋಡೆಯನ್ನು ನೋಡುತ್ತಾ ಬೇರೆ ಬೇರೆ ಹೊಲಗಳಲ್ಲಿ ಕೂತಿದ್ದೆವು.

"ನೀನ್ಯಾವೂರವ್ವ?" ಎಂದು ಅಜ್ಜಿ ಥಟ್ಟನೆ ಕೇಳಿದಳು.

ಅಭ್ಯಾಸಬಲದಿಂದ, "ಹರಿಹರದ ಕಡೆಯಾಕಿ" ಎಂದೆ.

ಅವಳ ಮುಖ ಮುಚ್ಚಿಕೊಂಡಿತು. ಪಾತ್ರೆಯ ಮೇಲೆ ಸೆರಗು ಹಾಕಿದಳು. "ಬ್ಯಾರೆ ಊರೋಳಾ? ಇವತ್ತು ಬ್ಯಾರೆ ಊರೋರು ಬರ್ಬಾರ್ದು. ಎದ್ದೋಗು."

ನಮ್ಮಲ್ಲೂ ಹಾಗೇ. ಆ ದಿನ ಪರವೂರಿನವರನ್ನು ಬೀಡಿನ ಹತ್ತಿರ ಬಿಡುವುದಿಲ್ಲ. ನಾನೇ ಎಷ್ಟು ಜನರನ್ನು ಹಾಗೆ ಹಿಂದಕ್ಕೆ ಕಳಿಸುವುದನ್ನು ನೋಡಿದ್ದೇನೆ. ಎದ್ದು ನಾಲ್ಕು ಮಾರು ಆಚೆ ಹೋಗಿ ನಿಂತೆ.

ಹೊತ್ತು ಮುಳುಗಿತು. ಬೀದಿದೀಪ ಹತ್ತಿಕೊಂಡವು, ಕೆಳಗೆ ಮಾತ್ರ ಯಾರೂ ಇಲ್ಲ. ಬೆಂಕಿ ಆರಿತು. ಅಜ್ಜಿ ಎದ್ದು ನಿಂತಳು, ನಡುಗುತ್ತಿದ್ದಳು. ರಸ್ತೆಯ ಆ ತುದಿ ಈ ತುದಿ ನೋಡಿದಳು. "ಒಬ್ರೂ ಬರ್ಲಿಲ್ವಲ್ಲೋ. ಒಬ್ಳೇ ಎಂಗೆ ಊರೊಳಕ್ಕೆ ಓಗ್ಲಿ? ಒಬ್ರಾದ್ರೂ ಊರೋರು ಬೇಡ್ವಾ?" ಎಂದು ಅತ್ತಳು. ಕೃಷ್ಣಪ್ಪನವರು ಮುಂದೆ ಬಂದರೆ ಮತ್ತೆ ಗೇಟಿನ ಸರಳು ಹಿಡಿದಳು. ಚಳಿ ಏರುತ್ತಿತ್ತು. ರಾತ್ರಿಯೆಲ್ಲ ಹಾಗೇ ನಿಂತರೆ ಆ ಜೀವ ಉಳಿಯುವುದಿಲ್ಲ.

ನಾನು ಹತ್ತಿರ ಹೋಗಿ ಕೈ ಹಿಡಿದೆ. "ನಾನು ಈ ಊರಾಕೀನೇ, ಅಜ್ಜಿ."

"ಯಾರ ಮನೆಯೋಳು?"

"ನಿಮ್ಮ ಮನೆಯಾಕಿನೇ. ಮಾಳಿಗೆ ಮ್ಯಾಗೆ ಇರ್ತೀನಲ್ಲ. ನಿಮ್ಮ ಬಾವಿ ನೀರೇ ಕುಡೀತೀನಿ."

ಅಜ್ಜಿ ನನ್ನ ಹಣೆಯ ವಿಭೂತಿಯನ್ನೂ ಮಾಸ್ಕು ಸರಿಸಿದ ಮುಖವನ್ನೂ ಹತ್ತಿರದಿಂದ ನೋಡಿದಳು. "ಮೊದ್ಲೇ ಯೋಳೋಕೇನಾಗಿತ್ತು?" ಎಂದು ಗದರಿ, ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ನಡೆದೆವು. ಹಿಂದೆ ಸ್ಕೂಟರು ಸದ್ದಿಲ್ಲದೆ ತಳ್ಳಿಕೊಂಡು ಅವಳ ಮಗ. ದಾರಿಯುದ್ದಕ್ಕೂ ಮುಚ್ಚಿದ ಬಾಗಿಲುಗಳಿಗೆ ಅವಳು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು, "ಬನ್ರೋ, ಆಯ್ತು, ಒಳಕ್ಕೆ ಬನ್ನಿ." ಒಬ್ಬರೂ ಓಗೊಡಲಿಲ್ಲ. ಆ ಹೆಸರಿನವರು ಯಾರೂ ಈಗ ಇಲ್ಲವೆಂದು ಕೃಷ್ಣಪ್ಪನವರು ಆಮೇಲೆ ಹೇಳಿದರು.

ಅಂದು ಹಾಸಿಗೆಯಲ್ಲಿ ನನಗೆ ಕಸಿವಿಸಿಯಾಯಿತು. ಅಜ್ಜಿಗೆ ಹೇಳಿದ್ದು ಸುಳ್ಳೆಂದಲ್ಲ. ಹೇಳುವಾಗ ಅದು ಸುಳ್ಳಿನಂತೆ ಬಾಯಲ್ಲಿ ತೊಡರಲೇ ಇಲ್ಲವಲ್ಲ ಎಂದು. ನಮ್ಮ ಓಣಿ, ನಿಮ್ಮ ಅಜ್ಜನ ಸಮಾಧಿ, ಎಲ್ಲವೂ ನನ್ನ ಆ ಮಾತನ್ನು ಕೇಳಿಸಿಕೊಂಡು ಸುಮ್ಮನಾದಂತೆ ಅನ್ನಿಸಿತು.

ಕರ್ಫ್ಯೂ ತೆಗೆದರು. ಯಂತ್ರ ಮತ್ತೆ ಗುದ್ದತೊಡಗಿತು. ಆದರೆ ಅಜ್ಜಿಗೆ ಒಂದು ಹೊಸ ಅಭ್ಯಾಸ ಹಿಡಿದಿದೆ. ದಿನವೂ ದೀಪ ಹಚ್ಚುವ ಹೊತ್ತಿಗೆ ಗೇಟಿನ ಹೊರಗೆ ಹೋಗಿ ನಿಲ್ಲುತ್ತಾಳೆ. ಮಗ ಕರೆದರೂ ಸೊಸೆ ಕರೆದರೂ ಒಳಗೆ ಬರುವುದಿಲ್ಲ. "ಊರೋಳು ಬರ್ಲಿ" ಎನ್ನುತ್ತಾಳೆ. ನಾನು ಇಳಿದು ಹೋಗಿ ಕೈ ಹಿಡಿದರೆ ಬರುತ್ತಾಳೆ.

ಗೌರಿ, ಮೊನ್ನೆ ಸಂಜೆ ನೀನು ಫೋನಿನಲ್ಲಿ, "ಅಜ್ಜಿ, ನಮ್ಮೂರಿಗೆ ಯಾವಾಗ ಬರ್ತಿ? ದಿನಾನೂ ಬರ್ತೀನಿ ಬರ್ತೀನಿ ಅಂತಿ" ಎಂದು ಮುನಿಸಿನಿಂದ ಕೇಳಿದೆಯಲ್ಲ. ಅದೇ ಹೊತ್ತಿಗೆ ಕೆಳಗೆ ಅಜ್ಜಿ ನಿಂತಿದ್ದಳು. "ತಡಿಯವ್ವ, ಕೆಳಗೆ ಹೋಗಿಬಂದು ಹೇಳ್ತೀನಿ" ಎಂದು ಫೋನನ್ನು ಕಿಟಕಿಯಲ್ಲಿಟ್ಟು ಇಳಿದೆ. ಅವಳನ್ನು ಒಳಗೆ ಕೂರಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟಿದ್ದೆ.