ಕೈ ಎತ್ತಿದರೆ ಸದ್ದಿಲ್ಲ

ನಮ್ಮ ಮನೆಯವರು ಪೊಲೀಸು. ಗುಡ್ಡ ಕುಸಿದ ವರ್ಷ ಮಣ್ಣಿನಡಿ ಸಿಲುಕಿದವರನ್ನು ಹುಡುಕಲು ಹೋಗಿದ್ದರು. ಅಲ್ಲಿ ಒಂದು ಕ್ರಮವಿತ್ತಂತೆ. ಒಬ್ಬರು ಕೈ ಎತ್ತಿದರೆ ಜೆಸಿಬಿ ನಿಲ್ಲಬೇಕು, ಗುದ್ದಲಿ ನಿಲ್ಲಬೇಕು, ಅಳುತ್ತಿದ್ದವರೂ ಬಾಯಿ ಮುಚ್ಚಬೇಕು. ಕೆಳಗಿನಿಂದ ಯಾರಾದರೂ ಬಡಿಯುತ್ತಾರೋ ಎಂದು ಮಣ್ಣಿಗೆ ಕಿವಿಯಿಟ್ಟು ಕೇಳಬೇಕು. ಕೈ ಇಳಿಯುವವರೆಗೆ ಯಾರೂ ಮಿಸುಕಾಡುವಂತಿಲ್ಲ.

ಆ ಕ್ರಮ ಮಲಯಾಳ ನಾಡಿನ ಕಾಟ್ಟಿಕುಳದ ನಮ್ಮ ಮನೆಗೂ ಬಂತು, ವರ್ಷಗಳಾದರೂ ಹೋಗಲಿಲ್ಲ. ನಾನು ಚಟ್ನಿಗೆ ಅರೆಯುತ್ತಿರುತ್ತೇನೆ, ಇವರು ಬಂದು ಕೈ ಎತ್ತುತ್ತಾರೆ. ಮಿಕ್ಸಿ ಬಂದ್, ಫ್ಯಾನ್ ಬಂದ್. ಅಷ್ಟು ದೊಡ್ಡ ಮನುಷ್ಯ ಖಾಕಿ ಪ್ಯಾಂಟಿನಲ್ಲೇ ಅಡುಗೆಮನೆಯ ನೆಲಕ್ಕೆ ಕೆನ್ನೆ ಒತ್ತಿ ಮಲಗಿಬಿಡುತ್ತಾರೆ.

"ಇಲಿ ಇರ್ಬೇಕು, ಏಳಿ. ದೋಸೆ ಸೀದೋಗ್ತದೆ," ಎಂದು ಮೊದಮೊದಲು ರೇಗಿಸುತ್ತಿದ್ದೆ.

"ಮಿಂಡಲ್ಲೇ," ಎನ್ನುತ್ತಿದ್ದರು. ಮಾತಾಡಬೇಡ ಎನ್ನುವುದು ಮಾತ್ರ ಮಲಯಾಳದಲ್ಲೇ, ಡ್ಯೂಟಿಯಲ್ಲಿದ್ದಂತೆ. "ಕೆಳಗೆ ಆಳುಂಟು."

ನನಗೆ ಏನೂ ಕೇಳಿಸುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಅತ್ತೂ ಹೇಳಿದೆ, ಜಗಳವಾಡಿಯೂ ಹೇಳಿದೆ. "ನಾನು ಹೋದ್ರೆ ಇಲ್ಲಿ ಕೇಳೋದು ಯಾರು?" ಅಂದರು. 

ಮಗಳು ಆ ಕುಸಿತದ ನಂತರ ಹುಟ್ಟಿದವಳು. ಎಲ್ಲರ ಮನೆಯೂ ಹೀಗೇ ಎಂದುಕೊಂಡಿದ್ದಳು. ಅಪ್ಪ ಕೈ ಎತ್ತಿದರೆ ಆಡುತ್ತಿದ್ದವಳು ಹಾಗೇ ಕಲ್ಲಾಗುತ್ತಿದ್ದಳು. ನಾವಿಬ್ಬರು ಹೇಗೋ ಬದುಕುತ್ತಿದ್ದೆವು, ಈ ಮಗುವಿಗೆ ಇದು ಬೇಡ ಎಂದು ನನಗೆ ಸಂಕಟವಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಇವರು ಹಿತ್ತಿಲ ಬಾಗಿಲಲ್ಲಿ ನಿಂತು ಕೈ ಎತ್ತಿದರು. ಹೊರಗೆ ಕೋಳಿಗಳ ಗಲಾಟೆ. ಎತ್ತಿದ ಕೈ ಇಳಿಸದೆ, ಇನ್ನೊಂದು ಕೈಯಿಂದ ಬಾಗಿಲು ತಳ್ಳಿ ಮುಚ್ಚಿದರು. ಅದು ಸರಿಯಾಗಿ ಕೂರಲಿಲ್ಲ, ಹೆಗಲು ಕೊಟ್ಟು ಒತ್ತಿದರು. ಆಮೇಲೆ ನೆಲಕ್ಕೆ ಒರಗಿದರು. ನಾನು ಒಲೆ ಆರಿಸಿದೆ.

ಆಗ ನನಗೂ ಕೇಳಿಸಿತು. ಟಕ್, ಟಕ್. ತೀರಾ ಮೆಲ್ಲಗೆ. ಇವರು ನನ್ನ ಮುಖ ನೋಡಿದರು, ನಾನು ಹೌದೆಂದು ತಲೆಯಾಡಿಸಿದೆ. ಅವರ ಕಣ್ಣಲ್ಲಿ ನೀರು ತುಂಬಿತು. ಒಬ್ಬರಾದರೂ ಬದುಕಿದ್ದಾರೆ ಎಂಬ ಸಂತೋಷ ಅದು. ಉಗುರಿನಿಂದ ಸಿಮೆಂಟು ಕೆರೆಯತೊಡಗಿದರು. ನಾನೂ ಪಕ್ಕದಲ್ಲಿ ಕೂತು ನೆಲಕ್ಕೆ ಅಂಗೈಯಿಟ್ಟೆ. ನೆಲ ತಣ್ಣಗಿತ್ತು, ಅದುರುತ್ತಿರಲಿಲ್ಲ.

ಸದ್ದು ಬಾಗಿಲಿನಿಂದ ಬರುತ್ತಿತ್ತು.

ಎದ್ದು ಹೋಗಿ ತೆರೆದೆ. ಮೆಟ್ಟಿಲ ಮೇಲೆ ಮಗಳು ನಿಂತಿದ್ದಳು. ಬಾಗಿಲ ಸಂದಿಗೆ ಸಿಕ್ಕಿದ್ದ ಎರಡು ಬೆರಳು ಜಜ್ಜಿ ಕಪ್ಪಾಗಿದ್ದವು. ಬಡಿಯುತ್ತಿದ್ದ ಇನ್ನೊಂದು ಕೈ ಇನ್ನೂ ಗಾಳಿಯಲ್ಲೇ ಇತ್ತು. ಮುಖವೆಲ್ಲ ನೀರು, ಬಾಯಿ ಮಾತ್ರ ಬಿಗಿದುಕೊಂಡಿತ್ತು.

ಇವರು ಮಂಡಿಯೂರಿ ಅವಳ ಮುಂದೆ ಬಂದರು.

"ಈಗ ಅಳ್ಬಹುದಾ, ಅಪ್ಪಾ?" ಎಂದು ಪಿಸುಗುಟ್ಟಿದಳು.

ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ ಕಟ್ಟಿದ ಮೇಲೂ ಇವರು ಡಾಕ್ಟರ ಎದುರಿನ ಕುರ್ಚಿಯಿಂದ ಏಳಲಿಲ್ಲ. ಇನ್ನೇನು ಎಂದು ಡಾಕ್ಟರು ಕೇಳಿದರು. ನನ್ನನ್ನೂ ನೋಡಬೇಕು ಎಂದರು ಇವರು.